ಒಂದು ಗೇಣು ಪೈಪು

ಅಳಿಯ ಆ ಹಳೇ ಟ್ರಕ್ಕನ್ನು ತಂದು ಮನೆ ಮುಂದೆ ನಿಲ್ಲಿಸಿದ ದಿನ ಹೊಟ್ಟೆ ಹಿಡಿದುಕೊಂಡು ನಕ್ಕವನು ನಾನೇ. ಮುಂದೆ ಮೂವರು ಒತ್ತಿ ಕೂರುವ ಸೀಟು, ಹಿಂದೆ ಮೂಟೆ ಹೊತ್ತು ಹೊತ್ತು ನೆಗ್ಗಿಹೋದ ತೊಟ್ಟಿ. ಬಣ್ಣ ಯಾವುದು ಅಂತ ಕೇಳಿದರೆ ಅದಕ್ಕೇ ಗೊತ್ತಿರಲಿಲ್ಲ. ಅಳಿಯನಿಗೆ ಕನ್ನಡಕದ ಅಂಗಡಿ. ದಿನವೆಲ್ಲ ಕತ್ತಲೆ ಕೋಣೆಯಲ್ಲಿ ಜನರಿಂದ ಅಕ್ಷರ ಓದಿಸುವ ಮನುಷ್ಯ. ಅವನಿಗೆ ಇದ್ದಕ್ಕಿದ್ದ ಹಾಗೆ ಒಂದು ಹುಚ್ಚು ಹಿಡಿದಿತ್ತು. ಈ ಗಾಡಿಯಲ್ಲೇ ಮಲಗೋಕೆ, ಅಡುಗೆಗೆ ಎಲ್ಲ ಜಾಗ ಮಾಡಿಕೊಂಡು, ಹೆಂಡತಿ ಮಗಳನ್ನ ಕೂರಿಸಿಕೊಂಡು, ರಸ್ತೆ ಮುಗಿದ ಮೇಲೂ ಮುಂದೆ ಹೋಗಬೇಕಂತೆ. ಅದೂ ಯಾವ ಗ್ಯಾರೇಜಿಗೂ ಕೊಡದೆ ನಾವೇ ಮಾಡಬೇಕಂತೆ. ನೀವಿದ್ದೀರಲ್ಲ ಮಾವ, ಅಂದ. ನಾನು ಉಬ್ಬಿಹೋದೆ.

ಯಾಕೆ ಉಬ್ಬಬಾರದು ಹೇಳಿ? ಬಸ್ ಡಿಪೋದಲ್ಲಿ ಮೂವತ್ತೆಂಟು ವರ್ಷ ಬ್ರೇಕಿನ ಕೆಲಸ ಮಾಡಿದವನು ನಾನು. ನನ್ನ ಕೈ ದಾಟಿ ಹೋದ ಒಂದು ಬಸ್ಸಿಗೂ ಬ್ರೇಕು ಕೈಕೊಟ್ಟಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದು, ಓದಿದ ಪೇಪರನ್ನೇ ಓದುತ್ತಾ, ಬೀದಿಯಲ್ಲಿ ಹೋಗೋ ಗಾಡಿಗಳ ಸದ್ದು ಕೇಳಿ ಇದರ ಗೇರ್ ಹೋಯ್ತು, ಅದರ ಬೇರಿಂಗ್ ಹೋಯ್ತು ಅಂತ ಗೊಣಗುತ್ತಾ ಕೂತಿದ್ದೆ. ನನ್ನ ಮಾತು ಯಾರಿಗೆ ಬೇಕಿತ್ತು?

ಮೂರು ತಿಂಗಳು ರಜೆ ದಿನವೆಲ್ಲ ಮನೆ ಪಕ್ಕದ ಶೆಡ್ಡಿನಲ್ಲೇ ಕಳೆದೆವು. ತೊಟ್ಟಿಗೆ ಪ್ಲೈವುಡ್ಡಿನ ಮಂಚ, ಮಂಚದ ಕೆಳಗೆ ಎಳೆಯುವ ಡ್ರಾಯರು, ಒಂದರಲ್ಲಿ ಸ್ಟೌವು, ಇನ್ನೊಂದರಲ್ಲಿ ಪಾತ್ರೆ. ಪಕ್ಕಕ್ಕೆ ನಲ್ಲಿ ಕೂರಿಸಿದ ನೀರಿನ ಕ್ಯಾನು. ಬಿಚ್ಚಿದರೆ ನೆರಳಾಗುವ ಟಾರ್ಪಾಲನ್ನು ಮಗಳೇ ಹೊಲಿದಳು. ಅಳಿಯ ಒಂದು ಮೊಳೆ ಹೊಡೆಯೋಕೆ ಮೂರು ಸಲ ಅಳತೆ ಹಿಡಿಯುತ್ತಿದ್ದ. ಹಲಗೆಗೆ ಕನ್ನಡಕ ಹಾಕ್ತಿದ್ದೀರಾ ಅಂತ ನಾನು ಕಾಲೆಳೆಯುತ್ತಿದ್ದೆ. ಏಳು ವರ್ಷದ ಮೊಮ್ಮಗಳು ಮಂಚದ ಮೇಲೆ ಕುಣಿದು ಗಟ್ಟಿ ಇದೆ ಅಂತ ಪಾಸು ಮಾಡಿತು. ಬಹಳ ಸುಖವಾಗಿದ್ದೆ, ಸುಳ್ಳು ಯಾಕೆ ಹೇಳಲಿ.

ಕೊನೆಗೆ ಉಳಿದದ್ದು ಗಾಡಿ ಎತ್ತರಿಸುವ ಕೆಲಸ. ಕಲ್ಲು ಗುಂಡಿ ದಾಟಬೇಕಾದರೆ ಗಾಡಿಯ ಹೊಟ್ಟೆ ನೆಲಕ್ಕೆ ತಾಗಬಾರದಲ್ಲ. ಎರಡು ಚಕ್ರ ಜೋಡಿಸುವ ಆಕ್ಸಲ್ಲಿಗೂ ಅದರ ಮೇಲಿನ ಸ್ಪ್ರಿಂಗ್ ಪಟ್ಟಿಗೂ ನಡುವೆ ಕಬ್ಬಿಣದ ತುಂಡು ಇಟ್ಟು ಉದ್ದನೆಯ ಬೋಲ್ಟಿನಲ್ಲಿ ಬಿಗಿದೆವು. ಗಾಡಿ ನಾಲ್ಕು ಇಂಚು ಮೇಲೆದ್ದಿತು. ಆಕ್ಸಲ್ ಕೆಳಗೇ ಉಳಿಯಿತು, ಬಾಡಿ ಮೇಲೆ ಹೋಯಿತು. ಎರಡರ ನಡುವೆ ಬ್ರೇಕ್ ಆಯಿಲ್ ಒಯ್ಯುವ ರಬ್ಬರ್ ಪೈಪು ಮಾತ್ರ ಮೊದಲಿನಷ್ಟೇ, ಒಂದು ಗೇಣು.

ಅಳಿಯ ಬಗ್ಗಿ ನೋಡಿದ. ಇಷ್ಟು ಎತ್ತರಿಸಿದರೆ ಪೈಪೂ ಉದ್ದದ್ದು ಹಾಕಬೇಕು ಅಂತ ಯಾರೋ ಫೋನಿನಲ್ಲಿ ತೋರಿಸಿದ್ದರಂತೆ. ಇದು ಸಾಕಾಗುತ್ತಾ ಅಂತ ಮೆಲ್ಲಗೆ ಕೇಳಿದ. ನನಗೆ ಮೈಯೆಲ್ಲ ಉರಿದುಹೋಯಿತು. ಫೋನ್ ನೋಡಿ ಮೆಕ್ಯಾನಿಕ್ ಆಗೋ ಹಾಗಿದ್ದಿದ್ದರೆ ನಾನು ಇಷ್ಟು ವರ್ಷ ಯಾಕೆ ಗ್ರೀಸ್ ಮೆತ್ತಿಕೊಳ್ಳಬೇಕಿತ್ತು ಅಂತ ದಬಾಯಿಸಿದೆ. ಪೈಪು ಹಿಡಿದಿದ್ದ ಕ್ಲಿಪ್ಪನ್ನು ಕೆಳಕ್ಕೆ ಬಾಗಿಸಿ, ಬೆರಳಿನಿಂದ ಅಲ್ಲಾಡಿಸಿ, ನೋಡಿ ಸಡಿಲ ಇದೆ ಅಂದೆ. ಡಿಪೋದಲ್ಲಿ ನಾವು ನೋಡುತ್ತಿದ್ದದ್ದೇ ಹಾಗೆ, ಗಾಡಿ ನೆಲದ ಮೇಲೆ ನಿಂತಿರುವಾಗ. ಬಸ್ಸು ಡಾಂಬರು ಬಿಟ್ಟು ಇಳಿಯೋದಿಲ್ಲ, ಅದರ ಚಕ್ರ ಗಾಳಿಯಲ್ಲಿ ನೇತಾಡೋದಿಲ್ಲ. ಈ ಗಾಡಿ ಹೊರಟಿದ್ದೇ ಚಕ್ರ ನೇತಾಡುವ ಜಾಗಕ್ಕೆ. ಜಾಕ್ ಹಾಕಿ ಎತ್ತಿ, ಚಕ್ರ ಜೋತುಬಿದ್ದಾಗ ಪೈಪು ಎಷ್ಟು ಬಿಗಿಯುತ್ತೆ ಅಂತ ನೋಡಬೇಕಿತ್ತು. ಅದು ನನ್ನ ತಲೆಗೆ ಹೊಳೆಯಲೇ ಇಲ್ಲ. ಅಳಿಯ ನನ್ನ ಮಾತು ನಂಬಿದ.

ಮೊದಲ ಪ್ರಯಾಣಕ್ಕೆ ಅವರು ಮೂವರೂ ಹೋದರು. ಎರಡನೇ ದಿನ ಕಲ್ಲಿನ ಇಳಿಜಾರಿನಲ್ಲಿ ಹಿಂದಿನ ಚಕ್ರ ಒಂದು ಕೊರಕಲಿಗೆ ಇಳಿಯಿತು. ಪೈಪು ಹರಿಯಿತು. ಹಳೇ ಕಾಲದ ಗಾಡಿ, ಎಲ್ಲದಕ್ಕೂ ಒಂದೇ ಲೈನು, ಒಂದು ಕಡೆ ಸೋರಿದರೆ ನಾಲ್ಕೂ ಚಕ್ರದ ಬ್ರೇಕು ಹೋದ ಹಾಗೆ. ಒಂದು ಪಕ್ಕ ಕಂದಕ, ಇನ್ನೊಂದು ಪಕ್ಕ ಮಣ್ಣಿನ ದಿಬ್ಬ. ಅಳಿಯ ದಿಬ್ಬಕ್ಕೆ ಗುದ್ದಿಸಿದ. ಮೊಮ್ಮಗಳ ಹೆಗಲ ಮೂಳೆ ಮುರಿಯಿತು, ಮಗಳ ಹಣೆಗೆ ಆರು ಹೊಲಿಗೆ ಬಿತ್ತು. ಅಳಿಯನಿಗೆ ಒಂದು ಗೀರೂ ಇಲ್ಲ. ಅದೇ ಅವನಿಗೆ ಮುಳುವಾಯಿತು.

ಅವರೆಲ್ಲ ಇನ್ನೂ ಆಸ್ಪತ್ರೆಯಲ್ಲಿದ್ದಾಗಲೇ ಗಾಡಿಯನ್ನು ಎಳೆದು ತಂದು ಶೆಡ್ಡಿನಲ್ಲಿ ಬಿಟ್ಟುಹೋದರು. ನಾನೊಬ್ಬನೇ ಅದರಡಿ ತೂರಿದೆ. ಪೈಪು ನೋಡಿದೆ. ಎಳೆದು ಹರಿದಿತ್ತು. ನನ್ನ ಕೈಯಾರೆ ನನ್ನ ಮೊಮ್ಮಗಳನ್ನ ಸಾವಿನ ಬಾಯಿಗೆ ಕಳಿಸಿಬಿಡುತ್ತಿದ್ದೆ. ಹಾಗೆ ಅನ್ನಿಸಿದವನು ನೇರ ಆಸ್ಪತ್ರೆಗೆ ಹೋಗಿ ಮಗಳ ಕಾಲ ಬಳಿ ಕೂತು ಹೇಳಬೇಕಿತ್ತು. ನಾನು ಹೋದದ್ದು ಬಿಡಿಭಾಗದ ಅಂಗಡಿಗೆ. ಉದ್ದದ ಪೈಪು ತಂದೆ, ಹಾಕಿದೆ, ಆಯಿಲ್ ತುಂಬಿದೆ, ಲೈನಿನ ಗಾಳಿ ತೆಗೆದೆ, ಹರಿದದ್ದನ್ನು ಗುಜರಿಗೆ ಎಸೆದೆ. ಕೈ ತಾನಾಗೇ ಮಾಡಿತು ಅಂದರೆ ಅದೂ ಸುಳ್ಳಾಗುತ್ತೆ. ಮಾಡಿದವನು ನಾನು.

ಸಂಜೆ ಅಳಿಯ ಬಟ್ಟೆ ಒಯ್ಯೋಕೆ ಮನೆಗೆ ಬಂದ. ಅಂಗಿಯ ಮೇಲೆ ಇನ್ನೂ ಹೆಂಡತಿಯ ರಕ್ತ ಇತ್ತು.

“ಬ್ರೇಕ್ ಹಿಡೀಲಿಲ್ಲ ಮಾವ. ಪೈಪು ನೋಡಿದ್ರಾ?”

“ನೋಡಿದೆ. ಸರಿಯಾಗೇ ಇದೆ,” ಅಂದೆ.

ಅವನು ಹೋಗಿ ಗಾಡಿ ಹತ್ತಿ ಪೆಡಲ್ ಒತ್ತಿದ. ಕಲ್ಲಿನ ಹಾಗೆ ಗಟ್ಟಿ. ಮತ್ತೆ ಒತ್ತಿದ. ಆಮೇಲೆ ತಲೆ ತಗ್ಗಿಸಿ ತನ್ನ ಬಲಗಾಲನ್ನೇ ನೋಡುತ್ತಾ ಬಹಳ ಹೊತ್ತು ಕೂತ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಆಗಲಾದರೂ ಹೇಳಬಹುದಿತ್ತು. ಥೂ, ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ.

ಮೊದಲ ವಾರ ಅವನು ಬ್ರೇಕ್ ಹಿಡೀಲಿಲ್ಲ ಅನ್ನುತ್ತಿದ್ದ. ತಿಂಗಳು ಕಳೆಯುವಷ್ಟರಲ್ಲಿ ಗಾಬರಿಯಲ್ಲಿ ಕ್ಲಚ್ ಒತ್ತಿದ್ದೆನೇನೋ ಅನ್ನತೊಡಗಿದ. ಆಮೇಲೆ ಆ ‘ಏನೋ’ ಕೂಡ ಬಿಟ್ಟುಹೋಯಿತು. ಮಗಳು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಸ್ಕೂಟರಿನ ಕೀಲಿ ತನ್ನ ಬ್ಯಾಗಿನಲ್ಲಿ ಇಟ್ಟುಕೊಂಡಳು, ಅಷ್ಟೇ. ಮಗುವನ್ನು ಶಾಲೆಗೆ ತಾನೇ ಬಿಟ್ಟುಬರುತ್ತಿದ್ದಳು. ಅಳಿಯ ಅಂಗಡಿಗೆ ನಡೆದು ಹೋಗುತ್ತಿದ್ದ. ಅಂಗಡಿಯಲ್ಲೂ ಒಬ್ಬೊಬ್ಬರ ಕಣ್ಣನ್ನು ಮೂರು ಮೂರು ಸಲ ಪರೀಕ್ಷೆ ಮಾಡುತ್ತಾನೆ, ಬರೆದ ನಂಬರನ್ನು ತಾನೇ ನಂಬೋದಿಲ್ಲ ಅಂತ ಪಕ್ಕದ ಅಂಗಡಿಯವನು ನನ್ನ ಹತ್ತಿರ ಹೇಳಿದ. ಒಂದು ದಿನ ಮಗಳು ಜ್ವರ ಬಂದು ಮಲಗಿ, ಇವತ್ತು ಅಪ್ಪನ ಜೊತೆ ಆಟೋದಲ್ಲಿ ಶಾಲೆಗೆ ಹೋಗು ಅಂದರೆ ಮೊಮ್ಮಗಳು ಹಿಂದಕ್ಕೆ ಸರಿದು ನನ್ನ ಕೈ ಹಿಡಿದುಕೊಂಡಿತು. ಅಪ್ಪ ಬೇಡ, ತಾತ ಬರಲಿ ಅಂದಿತು. ಅಳಿಯ ಅದರ ಚೀಲ ತಂದು ನನಗೆ ಕೊಟ್ಟ. ನಾನು ಮಗುವನ್ನು ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಆ ಪುಟ್ಟ ಕೈ ನನ್ನ ಕೈಯಲ್ಲಿ ಸುಡುತ್ತಿತ್ತು.

ನಾಲ್ಕು ತಿಂಗಳಾದ ಮೇಲೆ ಗಾಡಿ ಮಾರುತ್ತೇನೆ ಅಂದ. ಭಾನುವಾರ ಬೆಳಿಗ್ಗೆ ನೋಡೋಕೆ ಒಬ್ಬ ಗಂಡ ಹೆಂಡತಿ ಬಂದರು. ಅವರಿಗೂ ಇದೇ ಹುಚ್ಚು. ಆಕೆ ಡ್ರಾಯರು ಎಳೆದು ತಳ್ಳಿ ಖುಷಿಪಟ್ಟಳು. ಗಂಡ ಮುಂದಿನ ನೆಗ್ಗಿನ ಮೇಲೆ ಕೈಯಾಡಿಸಿ ಇದೇನು ಅಂತ ಕೇಳಿದ.

“ಗಾಡೀದೇನೂ ತಪ್ಪಿಲ್ಲ,” ಅಂದ ಅಳಿಯ. “ಬ್ರೇಕ್ ಒತ್ತೋ ಹೊತ್ತಲ್ಲಿ ನಾನು ಬೇರೆ ಏನೋ ಒತ್ತಿದೆ. ನನ್ನ ಕೈಲಿ ಗಾಡಿ ಓಡಿಸೋಕಾಗಲ್ಲ. ಇದು ನಮ್ಮ ಮಾವ ಮಾಡಿದ ಕೆಲಸ, ಧೈರ್ಯವಾಗಿ ತಗೊಳ್ಳಿ.”

ಅವನು ನನ್ನ ಕಡೆ ನೋಡಿ ಹೇಳಿದ್ದರೆ ಕುಹಕ ಅಂದುಕೊಂಡು ತಪ್ಪಿಸಿಕೊಳ್ಳುತ್ತಿದ್ದೆನೇನೋ. ನೋಡಲಿಲ್ಲ. ಮನಸಾರೆ ಹೇಳಿದ. ನಾನು ಗಾಡಿಯ ಬಾಗಿಲು ಹಿಡಿದುಕೊಂಡೆ.

“ಇವರು ಬ್ರೇಕೇ ಒತ್ತಿದ್ದು,” ಅಂದೆ. “ಪೈಪು ಹರಿದಿತ್ತು. ಗಿಡ್ಡ ಪೈಪು ಬಿಟ್ಟವನು ನಾನು. ಆಮೇಲೆ ಅದನ್ನ ಬದಲಾಯಿಸಿ ಸರಿಯಾಗಿದೆ ಅಂದವನೂ ನಾನೇ.”

ಬಂದವರು ಮುಖ ಮುಖ ನೋಡಿಕೊಂಡು, ಇನ್ನೊಂದು ದಿನ ಬರ್ತೀವಿ ಅಂತ ಹೊರಟರು. ಅಳಿಯ ತೊಟ್ಟಿಯ ಅಂಚಿನ ಮೇಲೆ ಕೂತ. ಬಿಡಿಭಾಗದ ಅಂಗಡಿಯಿಂದ ಗುಜರಿವರೆಗೆ ಒಂದನ್ನೂ ಬಿಡದೆ ಹೇಳಿದೆ. ಎದ್ದು ಕಪಾಳಕ್ಕೆ ಎರಡು ಬಾರಿಸಲಿ ಅಂತ ಕಾಯುತ್ತಿದ್ದೆ. ಹಾಗಾದರೆ ನನಗೆ ಹಗುರಾಗುತ್ತಿತ್ತು.

“ನಾನು ಒತ್ತಿದ್ದು ಬ್ರೇಕೇನಾ ಮಾವ?”

“ಬ್ರೇಕೇ.”

“ನಿಜ ಹೇಳಿ.”

“ಬ್ರೇಕೇ ಒತ್ತಿದ್ರಿ. ಬ್ರೇಕಿಲ್ಲದ ಗಾಡೀನ ದಿಬ್ಬಕ್ಕೆ ತಿರುಗಿಸಿ ಮೂರು ಜೀವ ಉಳಿಸಿದ್ದೂ ನೀವೇ.”

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಹೆಗಲ ಮೇಲೆ ಕೈಯಿಟ್ಟೆ. ಸರಿಸಿದ. ಸರಿಸಬೇಕಾದ್ದೇ. ಸ್ವಲ್ಪ ಹೊತ್ತಿಗೆ ಎದ್ದು, ಅಂಗಿ ತೋಳಿನಲ್ಲಿ ಮುಖ ಒರೆಸಿಕೊಂಡು, ಒಳಗೆ ಹೋಗಿ ಹೆಂಡತಿಯನ್ನು ಕರೆದುಕೊಂಡು ಬಂದ. ಅವಳು ಪಾತ್ರೆ ತೊಳೆಯುತ್ತಿದ್ದ ಒದ್ದೆ ಕೈಯಲ್ಲೇ ಬಂದು ನಿಂತಳು. ಅವಳ ಹಿಂದೆ ಮೊಮ್ಮಗಳೂ ಬಂತು. ಮಗಳಿಗೆ ಹೇಳಬಲ್ಲೆ, ಈ ಮಗುವಿಗೆ ಹೇಗೆ ಹೇಳಲಿ? ಅದನ್ನು ಒಳಗೆ ಕಳಿಸಿ ಅಂತ ಅಳಿಯನನ್ನು ಕಣ್ಣಲ್ಲೇ ಅಂಗಲಾಚಿದೆ.

“ಅವಳೂ ಕೇಳಲಿ,” ಅಂದ.

ಮಗಳಿಗೆ ಎಲ್ಲ ಹೇಳಿದೆ. ಮಗುವಿಗೆ ಆಕ್ಸಲ್ಲು, ಆಯಿಲು, ಪೈಪು ಇದೆಲ್ಲ ಹೇಳಿ ಏನು ಪ್ರಯೋಜನ? ನನ್ನ ಮಂಡಿ ಕೇಳದಿದ್ದರೂ ಅದರ ಎತ್ತರಕ್ಕೆ ಕುಕ್ಕರುಗಾಲಿನಲ್ಲಿ ಕೂತೆ.

“ಅಪ್ಪಂದೇನೂ ತಪ್ಪಿಲ್ಲ ಪುಟ್ಟಾ,” ಅಂದೆ. “ಸುಳ್ಳು ಹೇಳಿದ್ದು ತಾತ.”

ಮಗು ನನ್ನನ್ನು ನೋಡಿತು, ಅಪ್ಪನನ್ನು ನೋಡಿತು. ಆಮೇಲೆ ನನ್ನನ್ನು ದಾಟಿಕೊಂಡು ಹೋಗಿ ಅವನ ಕೈ ಹಿಡಿದುಕೊಂಡಿತು.