ಅರ್ಜೆಂಟು ಯಾರಿಗೆ?

ಅಗ್ರಿಮೆಂಟ್ ಅಕ್ಕ ಎಂದರೆ ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಮನೆ ಮಾರುವವರೊಂದಿಗೆ ಒಂದು ಬೆಲೆಗೆ ಅಗ್ರಿಮೆಂಟ್ ಮಾಡಿಕೊಂಡು, ಅದನ್ನೇ ತನ್ನ ಪಾಲು ಸೇರಿಸಿ ಹಣ ಹೂಡುವವರಿಗೆ ದಾಟಿಸುವುದು ಅವಳ ಕಸುಬು. ಹೂಡುವವರಿಗೆ ಏನು ಬೇಕು? ಕಾಗದಪತ್ರ ಸರಿಯಿರಬೇಕು, ರಿಪೇರಿ ಖರ್ಚಿನಲ್ಲಿ ಸುಳ್ಳಿರಬಾರದು. ಅಷ್ಟೇ ಆಗಿದ್ದರೆ ಅವಳಿಗೆ ತಲೆನೋವೇ ಇರಲಿಲ್ಲ. ಮಾರುವವರು ಎಷ್ಟು ಕಷ್ಟದಲ್ಲಿದ್ದಾರೆ ಎಂಬುದೂ ಅವರಿಗೆ ಬೇಕು!

ಈ ಸಲ ಅಗ್ರಿಮೆಂಟ್ ಆಗಿದ್ದ ಮನೆಯ ಒಡತಿಯ ಗಂಡ ಆಸ್ಪತ್ರೆಯಲ್ಲಿದ್ದ. ಆಪರೇಷನ್ನಿಗೆ ಹಣ ಬೇಕಿತ್ತು. "ಯಾರ ಹತ್ರಾನೂ ಬಾಯಿ ಬಿಡಬೇಡಮ್ಮ, ಗೊತ್ತಾದ್ರೆ ಬೆಲೆ ಮುರೀತಾರೆ" ಎಂದು ಕೈ ಹಿಡಿದು ಬೇಡಿಕೊಂಡಿದ್ದಳು. ಅಕ್ಕ ಹೂಂ ಅಂದಿದ್ದಳು.

ಗಿರಾಕಿಯಾಗಿ ಸಿಕ್ಕವನು ಚೌಕಾಸಿ ಸಾಹುಕಾರ. ಬೆಲೆ ಇಳಿಸದೆ ಒಂದು ಕಟ್ಟು ಸೊಪ್ಪನ್ನೂ ಕೊಂಡವನಲ್ಲ, ಪುಣ್ಯಾತ್ಮ! ಅಕ್ಕ ಅವನನ್ನು ಮೊದಲ ದಿನವೇ ನೇರ ಬಚ್ಚಲಿಗೆ ಕರೆದೊಯ್ದು ಗೋಡೆಯ ತೇವ ತೋರಿಸಿದ್ದಳು. ಅಡುಗೆಮನೆಯ ಕುಸಿದ ನೆಲ, ಹಳೇ ವೈರಿಂಗು, ಯಾವುದನ್ನೂ ಮುಚ್ಚಿಟ್ಟಿರಲಿಲ್ಲ. ಎಲ್ಲ ಕಳೆದೇ ಬೆಲೆ ಕಟ್ಟಿದ್ದಳು.

ಆಮೇಲೂ ಮೂರ್ನಾಲ್ಕು ಸಲ ಬಂದು ಹೋದವನು ಇವತ್ತು ಮತ್ತೆ ಆ ಮನೆಗೆ ಬಂದ. "ಗೋಡೆ ಅತ್ಲಾಗಿರ್ಲಿ. ಮಾರೋರಿಗೆ ಎಷ್ಟು ಅರ್ಜೆಂಟು? ಆತುರ ಇದ್ರೆ ಆ ಅಗ್ರಿಮೆಂಟ್ ಹರಿದು ಕಮ್ಮಿಗೆ ಹೊಸದು ಬರೆಸಿ. ನಿಮ್ಮ ಪಾಲೂ ಜಾಸ್ತಿ ಆಗತ್ತೆ."

ಜೊತೆಗಿದ್ದ ಅಕ್ಕನ ಭಾವನ ಬಾಯಲ್ಲಿ ನೀರೂರಿತು. ಕಸುಬಿನಲ್ಲಿ ಅವನೂ ಪಾಲುದಾರ, ಗುಟ್ಟೂ ಗೊತ್ತಿತ್ತು. "ಅದೇನಂದ್ರೆ ಸರ್, ಪಾಪ, ಅವರ ಯಜಮಾನ್ರು..."

"ಭಾವ!" ಅಕ್ಕ ಗದರಿದ ರಭಸಕ್ಕೆ ಅಡುಗೆಮನೆಯಲ್ಲಿ ಲೋಟ ಉರುಳಿತು. ಮನೆಯೊಡತಿ ಅಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು.

"ನೋಡಿ ಸರ್, ಗೋಡೆ ಕೇಳಿ, ಹೇಳ್ತೀನಿ. ಚರಂಡಿ ಕೇಳಿ, ಹೇಳ್ತೀನಿ. ಮನೆಯವರ ಸುದ್ದಿಗೆ ಬರ್ಬೇಡಿ. ಅದು ಮಾರಾಟಕ್ಕಿಲ್ಲ. ದಿನ ಬಿಟ್ಟು ದಿನ ಬಂದು ಬಾಗಿಲು ತಟ್ತಿರೋರು ನೀವು. ಅರ್ಜೆಂಟು ಯಾರಿಗೆ ಸ್ವಾಮಿ?"

ಸಾಹುಕಾರನ ಮುಖ ಕೆಂಪಾಯಿತು. "ಇಷ್ಟು ಧಿಮಾಕಿದ್ರೆ ವ್ಯಾಪಾರ ಆಗಲ್ಲ" ಎಂದವನೇ ಮೆಟ್ಟಿಲಿಳಿದ.

"ಎಲ್ಲಾ ಕೆಡಿಸಿದೆಯಲ್ಲೇ ಮಹಾತಾಯಿ!" ಭಾವ ಹಣೆ ಚಚ್ಚಿಕೊಂಡ.

"ಕೆಟ್ರೆ ಕೆಡ್ಲಿ ಬಿಡಿ" ಎಂದಳು ಅಕ್ಕ. ಅವನನ್ನು ಕರೆಯಲು ನಿಂತಲ್ಲಿಂದ ಕದಲಲಿಲ್ಲ.

ಸಾಹುಕಾರ ಗೇಟಿನ ಚಿಲಕಕ್ಕೆ ಕೈ ಹಾಕಿ ನಿಂತ. ಚಾವಣಿಯತ್ತ ಕತ್ತೆತ್ತಿದ.

"ಆ ನೀರಿನ ಟ್ಯಾಂಕು ಹೇಗಿದೆ?"

"ಅದೂ ಸೋರತ್ತೆ. ಅದನ್ನೂ ಕಳೆದೇ ಹೇಳಿರೋದು, ಬೆಲೆ ಮಾತ್ರ ಅಷ್ಟೇ."

ಅವನು ಚಿಲಕ ಬಿಟ್ಟು ಒಳಗೆ ಬಂದ.