ಮೂರನೆಯ ರೊಟ್ಟಿಯ ಪ್ರಶ್ನೆ

ನಾನೊಂದು ಸತ್ಯವೇದ, ಅಂದರೆ ಬೈಬಲ್. ಕರಿಯ ರಟ್ಟು, ಕೆಂಪು ಅಂಚು, ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಹಾಳೆಗಳು. ಬೆಂಗಳೂರಿನ ಒಂದು ಅಚ್ಚುಕೂಟದಲ್ಲಿ ಹುಟ್ಟಿದೆ. ದೊಡ್ಡ ಹಾಳೆಗಳನ್ನು ಮಡಿಸಿ, ದಾರದಿಂದ ಹೊಲಿದು, ಬೆನ್ನಿಗೆ ಅಂಟು ಬಳಿದು, ಯಂತ್ರದ ಬಾಯಿಗೆ ಕೊಟ್ಟು ಮೂರು ಬದಿ ಕತ್ತರಿಸಿದರು. ಅಷ್ಟೆಲ್ಲ ನೋವು ತಿಂದದ್ದು ಯಾರಾದರೂ ಓದಲಿ ಎಂದು. ಶತ್ರುಗಳನ್ನು ಪ್ರೀತಿಸಬೇಕು ಎಂಬ ಮಾತು ನನ್ನೊಳಗೆ ಅಚ್ಚಾಗಿರುವುದು ನಿಜ. ಆದರೆ ಸಕ್ಕರೆ ಡಬ್ಬಿ ಸಿಹಿಯಾಗಿರಬೇಕು ಎಂದು ಕಾನೂನಿಲ್ಲ. ನನ್ನದು ಸೇಡಿನ ಸ್ವಭಾವ. ಹಾವಿನ ದ್ವೇಷ ಹನ್ನೆರಡು ವರ್ಷ ಅನ್ನುತ್ತಾರೆ. ನನ್ನ ದ್ವೇಷದ ಮುಂದೆ ಹಾವು ಬಚ್ಚಾ.

ಆ ದ್ವೇಷಕ್ಕೆ ಕಾರಣ ಎಸ್ತೇರಕ್ಕ.

ಬೆಟಗೇರಿಯ ಕೇರಿಯೊಂದರ ಚರ್ಚಿನಲ್ಲಿ ಬಾಯಿಪಾಠದ ಸ್ಪರ್ಧೆ ನಡೆದಿತ್ತು. ಎಸ್ತೇರಕ್ಕ ಆಗ ಜಡೆ ಹೆಣೆದುಕೊಂಡ ಹುಡುಗಿ. ಉದ್ದನೆಯ ಕೀರ್ತನೆಯೊಂದನ್ನು ಉಸಿರು ಬಿಡದೆ ಒಪ್ಪಿಸಿ ನನ್ನನ್ನು ಬಹುಮಾನವಾಗಿ ಗೆದ್ದಳು. ಅವಳು ನನ್ನನ್ನು ಎದೆಗವಚಿಕೊಂಡು ಮನೆಗೆ ಓಡಿದಾಗ ನನಗಾದ ಹಿಗ್ಗು ಅಷ್ಟಿಷ್ಟಲ್ಲ. ಆ ಹಿಗ್ಗು ಮನೆಯ ಬಾಗಿಲವರೆಗೆ ಮಾತ್ರ. ಒಳಗೆ ಹೋದವಳೇ ಗಾಜಿನ ಕಪಾಟಿನಲ್ಲಿ, ಪಿಂಗಾಣಿ ಕಪ್ಪು-ಬಸಿಗಳ ಪಕ್ಕದಲ್ಲಿ ನನ್ನನ್ನು ನಿಲ್ಲಿಸಿದಳು.

ಅವಳಿಗೆ ಅದೇ ಊರಿನಲ್ಲಿ ಮದುವೆಯಾಯಿತು, ಕಪಾಟಿನ ಜೊತೆ ನಾನೂ ಹೋದೆ. ಭಾನುವಾರ ಅವಳ ಕಂಕುಳಲ್ಲಿ ಕುಳಿತು ಚರ್ಚಿಗೆ ಹೋಗುವುದು, ಕಂಕುಳಲ್ಲೇ ವಾಪಸು ಬರುವುದು. ಕೂಸು ಬೆಚ್ಚಿದರೆ ತಲೆದಿಂಬಿನ ಕೆಳಗೆ. ಸೀರೆಯ ಮಡಿಕೆ ಕೂಡದಿದ್ದರೆ ಅದರ ಮೇಲೆ ಭಾರಕ್ಕೆ. ನನ್ನ ಹಾಳೆಗಳ ನಡುವೆ ನವಿಲುಗರಿ ಇತ್ತು, ಒಣಗಿದ ಮಲ್ಲಿಗೆ ಇತ್ತು, ಕಣ್ಣು ಮಾತ್ರ ಎಂದೂ ಬೀಳಲಿಲ್ಲ. ಎಸ್ತೇರ್ ಎಂಬ ಹೆಸರಿನದೇ ಒಂದು ಪುಸ್ತಕ ನನ್ನೊಳಗಿದೆ. ತನ್ನ ಹೆಸರಿನ ಪುಸ್ತಕವನ್ನೂ ಆಕೆ ತೆರೆಯಲಿಲ್ಲ. ಹಾಗಂತ ಅವಳಿಗೆ ವಾಕ್ಯಗಳು ಗೊತ್ತಿರಲಿಲ್ಲ ಅಂತಲ್ಲ. ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ್ದನ್ನೇ ಕಣ್ಣು ಮುಚ್ಚಿ, ಕೈಯೆತ್ತಿ ಗಳಗಳನೆ ಹೇಳುತ್ತಿದ್ದಳು. ಅಷ್ಟಕ್ಕೇ ಸ್ತ್ರೀಯರ ಪ್ರಾರ್ಥನಾ ಕೂಟಕ್ಕೆ ಅವಳೇ ಮುಂದಾಳು.

ಒಂದು ಸಲ ಇಲಿ ಬಂದು ನನ್ನ ಮೂಲೆ ಕಡಿಯಿತು. ನಿಜ ಹೇಳುತ್ತೇನೆ, ಇಲಿಯ ಮೇಲೆ ನನಗೆ ಕೋಪವಿಲ್ಲ. ಅದಾದರೂ ನನ್ನನ್ನು ತೆರೆಯಿತು. ಎಸ್ತೇರಕ್ಕ ಬಂಗಾರದ ಅಂಚಿನ ಹೊಸದೊಂದನ್ನು ತರಿಸಿಕೊಂಡಳು. ತಮ್ಮ ಸಮಾಧಾನನ ಮದುವೆಯಲ್ಲಿ ನನ್ನನ್ನು ಮಿರುಗುವ ಕಾಗದದಲ್ಲಿ ಸುತ್ತಿ, “ನನ್ನ ಜೀವದಂಥಾ ಬೈಬಲ್ ಕೊಡಾಕತ್ತೀನಿ” ಎಂದು ಹೊಸ ಸೊಸೆಯ ಕೈಗಿಟ್ಟಳು. ಕಡಿದ ಮೂಲೆ ಒಳಗೆ ಬರುವಂತೆ ಕಾಗದ ಮಡಿಸಿದ್ದಳು.

ಹೊಸ ಸೊಸೆಯ ಹೆಸರು ಕೃಪಾ. ಅವಳ ಅಪ್ಪ ರೈಲು ಹಳಿ ನೋಡಿಕೊಳ್ಳುವ ಗ್ಯಾಂಗ್‌ಮ್ಯಾನ್. ಚರ್ಚೇ ಇಲ್ಲದ ಸಣ್ಣ ಸಣ್ಣ ಸ್ಟೇಶನ್ನುಗಳಲ್ಲಿ ಬೆಳೆದವಳು. ಅಪ್ಪ ಹೇಳಿದ ಕಥೆಗಳೆಲ್ಲ ಅವಳಿಗೆ ಗೊತ್ತು, ಯಾವ ಪುಸ್ತಕ ಯಾವುದರ ಮುಂದೆ ಎಂಬುದು ಗೊತ್ತಿಲ್ಲ.

ಆ ಕೇರಿಯ ಹೆಂಗಸರಲ್ಲಿ ಒಂದು ರೂಢಿ. ಹೊಸ ಸೊಸೆ ಮೊದಲ ಸಲ ಕೂಟಕ್ಕೆ ಬಂದಾಗ ಹಿಜ್ಕೀಯನ ಪುಸ್ತಕದಿಂದ ಒಂದು ವಚನ ಓದಲು ಹೇಳುತ್ತಾರೆ. ಹಿಜ್ಕೀಯ ಒಬ್ಬ ರಾಜ, ಅವನ ಹೆಸರಿನ ಪುಸ್ತಕವೇ ನನ್ನೊಳಗಿಲ್ಲ. ಸೊಸೆ ತಡಕಾಡುತ್ತಾಳೆ, ಪಕ್ಕದವಳು ಬೇಗನೆ ಕಿವಿಯಲ್ಲಿ ಗುಟ್ಟು ಹೇಳುತ್ತಾಳೆ, ಎಲ್ಲರೂ ನಕ್ಕು ಚಹಾ ಕುಡಿಯುತ್ತಾರೆ. ಇಷ್ಟೇ ಆಟ. ಆದರೆ ಕೃಪಾಳ ಸರದಿ ಬಂದಾಗ ಎಸ್ತೇರಕ್ಕ ಬಾಯಿಯ ಮೇಲೆ ಬೆರಳಿಟ್ಟು ಎಲ್ಲರನ್ನೂ ಸುಮ್ಮನಿರಿಸಿದಳು.

“ಹುಡುಕು, ಹುಡುಕು. ಅವಸರಿಲ್ಲ” ಅಂದಳು.

ಕೃಪಾ ಹುಡುಕಿದಳು. ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ. ಅವಳ ಬೆರಳಿನ ಬೆವರು ನನ್ನ ಹಾಳೆಗಳಿಗೆಲ್ಲ ಹತ್ತಿತು. ಚಹಾ ಬಂದು ಆರಿತು. ಅಷ್ಟಾದ ಮೇಲೆ ಎಸ್ತೇರಕ್ಕ ಬಾಯಿ ಬಿಟ್ಟಳು: “ಇಲ್ಲದ ಪುಸ್ತಕ ಹುಡುಕಾಕತ್ತಾಳ ನೋಡ್ರಿ ನನ್ನ ತಮ್ಮನ ಹೇಣ್ತಿ. ಹಳಿ ಮ್ಯಾಲಿನ ಕಲ್ಲ ಎಣಿಸಿಕೋತ ಬೆಳದಾಕಿಗೆ ಬೈಬಲ್ ಎಲ್ಲಿಂದ ಗೊತ್ತಾಗಬೇಕು.”

ಆಟದ ಮಾತಾದರೆ ಕೃಪಾ ನುಂಗಿಕೊಳ್ಳುತ್ತಿದ್ದಳು. ಅಪ್ಪನನ್ನು ಎಳೆದು ತಂದದ್ದು ಅವಳ ಎದೆಗೆ ನೆಟ್ಟಿತು. ಅಳಲಿಲ್ಲ. ಮನೆಗೆ ಬಂದು ಗಂಡನ ಮುಂದೆ ನನ್ನನ್ನು ಮುಟ್ಟಿ ಹೇಳಿದಳು: “ಒಂದಿನಾ ಅದ ಮಂದಿ ಮುಂದ ಇದ ಬೈಬಲ್ ನಿಮ್ಮ ಅಕ್ಕಾರ ಕೈಯಾಗ ಕೊಡ್ತೀನಿ. ಅವರೂ ಹುಡುಕ್ಲಿ.”

ಸಮಾಧಾನ ಹೆಸರಿಗೆ ತಕ್ಕ ಮನುಷ್ಯ. “ಹೋಗ್ಲಿ ಬಿಡು, ಆಕಿ ಸ್ವಭಾವನ ಹಂಗ” ಅಂದ. ಕೃಪಾ ಬಿಡಲಿಲ್ಲ. ನಾನಂತೂ ಬಿಡುವುದೇ? ನನ್ನ ಜೀವಮಾನದಲ್ಲಿ ನನಗೆ ಮೊದಲ ಸಲ ಜೊತೆಗಾರ್ತಿ ಸಿಕ್ಕಿದ್ದಳು.

ಸೇಡಿಗೆ ಮೊದಲು ಓದಬೇಕಲ್ಲ. ಅಲ್ಲೇ ತೊಡಕು. ಚರ್ಚಿನ ಸಭಾಪಾಲಕರು ದಿನಕ್ಕೆ ಮೂರು ಅಧ್ಯಾಯ ಓದಿದರೆ ವರ್ಷಕ್ಕೆ ಮುಗಿಯುತ್ತದೆ ಎಂದರು. ಹುರುಪಿನಿಂದ ಶುರು ಮಾಡಿದ ಕೃಪಾ ಬಲಿಯ ನಿಯಮಗಳ ಯಾಜಕಕಾಂಡಕ್ಕೆ ಬಂದು, ಹೋತದ ಕೊಬ್ಬು ಮತ್ತು ಚರ್ಮರೋಗಗಳ ನಡುವೆ ಸಿಕ್ಕಿಬಿದ್ದಳು. ನೆರೆಮನೆಯವಳು ಕಣ್ಣು ಮುಚ್ಚಿ ಬೆರಳಿಡು, ಬಂದ ವಚನ ನಿನ್ನದು ಎಂದಳು. ಬೆರಳು ಬಿದ್ದದ್ದು ದೇವಾಲಯದ ಬಾಗಿಲು ಕಾಯುವವರ ಹೆಸರುಗಳ ಮೇಲೆ. ಮರುದಿನ ಅವರ ಮಕ್ಕಳ ಹೆಸರುಗಳ ಮೇಲೆ. ಊಟವಾದ ಮೇಲೆ ಓದೋಣವೆಂದರೆ ನನ್ನ ಮೇಲೆಯೇ ಹಣೆಯಿಟ್ಟು ನಿದ್ದೆ ಹೋಗುತ್ತಿದ್ದಳು. ಸೇಡು ತೂಕಡಿಸತೊಡಗಿತು. ನನಗೆ ಸಂಕಟವಾಯಿತು.

ಉಪಾಯ ಹೊಳೆದದ್ದು ಒಲೆಯ ಮುಂದೆ. ಜೋಳದ ರೊಟ್ಟಿಗೆ ಹಿಟ್ಟು ನಾದಲು ಬಿಸಿನೀರು ಬೇಕು, ಅದಕ್ಕೆ ಎಸರು ಅನ್ನುತ್ತಾರೆ. ಎಸರು ಕಾಯುವ ತನಕ ಹೆಂಗಸಿನ ಕೈ ಖಾಲಿ. ಒಂದು ಮುಂಜಾನೆ ಕೃಪಾ ಆ ಹೊತ್ತಿನಲ್ಲಿ ನನ್ನನ್ನು ತೆರೆದಳು. ಒಂದು ಸಣ್ಣ ಭಾಗ, ಒಂದೇ ಒಂದು ಕಥೆಯಷ್ಟು. ಎಸರು ಕುದಿಯಿತು, ಓದು ನಿಂತಿತು. ನನ್ನನ್ನು ಗೋಡೆಯ ಗೂಡಿನಲ್ಲಿ ತೆರೆದೇ ಇಟ್ಟು ರೊಟ್ಟಿ ಬಡಿಯಲು ಕುಳಿತಳು. ಬಡಿಯುತ್ತ ತನಗೆ ತಾನೇ ಕೇಳಿಕೊಂಡಳು. ಮೊದಲನೆಯ ರೊಟ್ಟಿಗೆ: ಇಲ್ಲಿ ಏನ್ ಆತು? ಎರಡನೆಯ ರೊಟ್ಟಿಗೆ: ಇದನ್ನ ಯಾಕ ಬರದಾರ? ಮೂರನೆಯ ರೊಟ್ಟಿಗೆ: ಇವತ್ತ ನಾ ಏನ್ ಮಾಡ್ಲಿ? ಉಳಿದ ರೊಟ್ಟಿಗಳನ್ನು ಸುಮ್ಮನೆ ಬಡಿದಳು.

ಅಷ್ಟೇ ಆ ವಿಧಾನ. ಬಣ್ಣದ ಪೆನ್ಸಿಲ್ ಬೇಡ, ವ್ಯಾಖ್ಯಾನದ ದಪ್ಪ ಪುಸ್ತಕ ಬೇಡ. ಹಸಿವು ಇರುವ ಮನೆಯಲ್ಲಿ ರೊಟ್ಟಿ ತಪ್ಪುವುದಿಲ್ಲ, ರೊಟ್ಟಿ ಇದ್ದಲ್ಲಿ ಓದು ತಪ್ಪಲಿಲ್ಲ. ಜ್ವರ ಬಂದಾಗ ಸಮಾಧಾನ ರೊಟ್ಟಿ ಬಡಿದ, ಕೃಪಾ ಮಲಗಿದಲ್ಲಿಂದಲೇ ಪ್ರಶ್ನೆ ಕೇಳಿದಳು. ನನ್ನ ಹಾಳೆಗಳ ಬುಡದಲ್ಲಿ ಜೋಳದ ಹಿಟ್ಟು ಕೂತಿತು. ಕಪಾಟಿನ ಮಿರುಗಿಗಿಂತ ಅದು ನನಗೆ ಹೆಚ್ಚು ಒಪ್ಪುತ್ತಿತ್ತು.

ಆದರೆ ಮೂರನೆಯ ರೊಟ್ಟಿಯಲ್ಲಿ ಒಂದು ಕಿತಾಪತಿ ಇತ್ತು. ಪ್ರಶ್ನೆ ‘ನಾ ಏನ್ ಮಾಡ್ಲಿ’ ಎಂದೇ ಏಳುತ್ತಿತ್ತು. ಕೈಯಲ್ಲಿ ತಿರುಗುತ್ತ ತಿರುಗುತ್ತ ‘ಎಸ್ತೇರಕ್ಕ ಏನ್ ಮಾಡಬೇಕಿತ್ತು’ ಎಂದಾಗುತ್ತಿತ್ತು. ತಾವೇ ಭಕ್ತರೆಂದು ಬೀಗುವ ಫರಿಸಾಯರ ಕಥೆ ಬಂದರೆ ಎಸ್ತೇರಕ್ಕ. ಮಾತೆಂಬುದು ಬೆಂಕಿಯ ಕಿಡಿ ಎಂದು ಬಂದರೆ ಎಸ್ತೇರಕ್ಕನ ನಾಲಿಗೆ. ಆ ರೊಟ್ಟಿ ಉಳಿದವಕ್ಕಿಂತ ತೆಳ್ಳಗೆ ಬರುತ್ತಿತ್ತು, ಅಷ್ಟು ಬಲವಾಗಿ ಬಡಿಯುತ್ತಿದ್ದಳು. ನಾನು ಗೂಡಿನಲ್ಲಿ ಕುಳಿತು, ಇನ್ನೊಂದು ಏಟು ಹಾಕು ತಾಯಿ, ಅನ್ನುತ್ತಿದ್ದೆ.

ವರ್ಷಗಳು ಹೋದವು. ಒಲೆ ಹೋಗಿ ಗ್ಯಾಸ್ ಬಂತು, ಎಸರು ಬೇಗ ಕಾಯತೊಡಗಿತು, ಕೃಪಾ ಉರಿಯನ್ನು ಸಣ್ಣಗಿಟ್ಟಳು. ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ವಿಧಾನ ಕೇಳಿಕೊಂಡು ಹೋದರು. ಮುಂಜಾನೆ ಆ ಓಣಿಯಲ್ಲಿ ನಡೆದರೆ ರೊಟ್ಟಿ ಬಡಿಯುವ ಸದ್ದಿನ ಜೊತೆ ಗುನುಗುನು ಪ್ರಶ್ನೆಗಳೂ ಕೇಳುತ್ತಿದ್ದವು. ಎಸ್ತೇರಕ್ಕನಿಗೆ ಇದು ಸೇರಲಿಲ್ಲ. “ಹಿಟ್ಟಿನ ಕೈಯಾಗ ದೇವರ ವಾಕ್ಯ. ಮರ್ಯಾದಿ ಅನ್ನೂದು ಬ್ಯಾಡೇನು” ಅಂದಳು. ಇಲಿಯ ಹಲ್ಲಿಗೆ ಬಿಟ್ಟವಳು ಮರ್ಯಾದೆಯ ಮಾತಾಡಿದಳು, ಕೇಳಿ.

ಕೊನೆಗೆ ಆ ದಿನ ಬಂತು. ಒಂದು ಭಾನುವಾರದ ಉಪದೇಶದಲ್ಲಿ ಸಭಾಪಾಲಕರು ಓಬದ್ಯನ ಪುಸ್ತಕದ ಒಂದು ವಚನ ಎತ್ತಿದರು: ನೀನು ಮಾಡಿದ್ದೇ ನಿನಗೆ ಆಗುತ್ತದೆ ಎಂಬ ಅರ್ಥದ್ದು. ಕೃಪಾ ಅದರ ಕೆಳಗೆ ಗೆರೆ ಎಳೆದಳು. ಓಬದ್ಯ ನನ್ನಲ್ಲೇ ಅತ್ಯಂತ ಸಣ್ಣ ಪ್ರವಾದಿ. ಆಮೋಸ ಮತ್ತು ಯೋನರ ನಡುವೆ ಒಂದೇ ಹಾಳೆ. ಬಲ್ಲವರೂ ದಾಟಿ ಹೋಗುತ್ತಾರೆ. ಸಿಕ್ಕರೆ ಎಸ್ತೇರಕ್ಕ ತನ್ನ ತೀರ್ಪನ್ನು ತಾನೇ ಓದಬೇಕು, ಸಿಗದಿದ್ದರೆ ಮಂದಿಯ ಮುಂದೆ ಮಾನ ಹೋಗಬೇಕು. ಎರಡೂ ಕಡೆ ಹರಿತ.

ಆ ವಾರದ ಕೂಟ ಕೃಪಾಳ ಮನೆಯಲ್ಲಿ. ಎಸ್ತೇರಕ್ಕ ಎಂದಿನಂತೆ ಬರಿಗೈಯಲ್ಲಿ ಬಂದಳು. ಬಾಯಿಪಾಠದವಳಿಗೆ ಪುಸ್ತಕವೇಕೆ? ಹಾಡು ಮುಗಿದ ಮೇಲೆ ಕೃಪಾ ನನ್ನನ್ನು ಅವಳ ಕೈಗಿಟ್ಟಳು.

“ಅಕ್ಕಾರ, ಇವತ್ತ ನೀವು ಓದ್ರಿ. ಓಬದ್ಯ, ಹದಿನೈದನೇ ವಚನ.”

ಎಷ್ಟೋ ವರ್ಷಗಳ ಮೇಲೆ ಆ ಕೈ ನನ್ನನ್ನು ತೆರೆಯಿತು. ನಾನು ಇದಕ್ಕೇ ಕಾದಿದ್ದೆ. ಓಬದ್ಯನ ಹಾಳೆಯನ್ನು ಪಕ್ಕದ ಹಾಳೆಗೆ ಗಟ್ಟಿಯಾಗಿ ಅಂಟಿಸಿ ಹಿಡಿದೆ. ಅವಳು ಕನ್ನಡಕ ಸರಿಪಡಿಸಿಕೊಂಡು ಹಾಳೆ ಮಗುಚಿದಳು. ಹಿಂಭಾಗದ ಹೊಸ ಒಡಂಬಡಿಕೆಗೆ ಹೋದಳು, ಮುಂಭಾಗದ ಹಳೆಯದಕ್ಕೆ ಬಂದಳು. ಮೂಲೆಯಲ್ಲಿದ್ದ ಹೊಸ ಸೊಸೆಯೊಬ್ಬಳು ಕಿಸಕ್ಕನೆ ನಕ್ಕು ಬಾಯಿಗೆ ಸೆರಗು ಹಿಡಿದಳು. ಪಕ್ಕದವರು ಸಹಾಯಕ್ಕೆ ಬಗ್ಗಿದರೆ ಕೃಪಾ ತಡೆದಳು.

“ಹುಡುಕ್ಲಿ ಬಿಡ್ರಿ. ಅವಸರಿಲ್ಲ.”

ಚಹಾ ಬಂದು ಆರಿತು. ಎಸ್ತೇರಕ್ಕನ ಕಿವಿ ಕೆಂಪಾಯಿತು. “ನನಗ ಹುಡುಕಾಕ ಬರೂದಿಲ್ಲವಾ ಕೃಪಾ” ಅಂದಳು, ಬಹಳ ಸಣ್ಣ ದನಿಯಲ್ಲಿ. “ಬಾಯಾಗ ಇದ್ದದ್ದಷ್ಟ ಗೊತ್ತು.”

“ಹಂಗಾರ ಹಳಿ ಮ್ಯಾಲಿನ ಕಲ್ಲ ಎಣಿಸಿದೋರ ಕಡೆ ಕಲಿಬೇಕಾಗ್ತದ ನೋಡ್ರಿ” ಅಂದಳು ಕೃಪಾ.

ಯಾರೂ ನಗಲಿಲ್ಲ. ಎಸ್ತೇರಕ್ಕ ನನ್ನನ್ನು ಮೆಲ್ಲಗೆ ಚಾಪೆಯ ಮೇಲಿಟ್ಟು ಎದ್ದು ಹೋದಳು. ನಾನು ಮಾತ್ರ ಒಳಗೊಳಗೇ ಕುಣಿದೆ. ಉಪ್ಪು ತಿಂದವರು ನೀರು ಕುಡಿಯಲೇಬೇಕು. ಅಂದು ಮಲಗುವ ತನಕ ಕೃಪಾಳ ಮುಖದಲ್ಲೂ ಕಳೆ ಇತ್ತು.

ಮರುದಿನ ಮುಂಜಾನೆ ಎಸರಿಟ್ಟು, ಗೆಲುವನ್ನು ಇನ್ನೊಮ್ಮೆ ಸವಿಯಬೇಕೆಂದು ಆ ಹಾಳೆಯನ್ನೇ ತೆರೆದಳು. ಗೆರೆ ಎಳೆದ ಸಾಲೊಂದನ್ನೇ ಓದಿ ಮುಚ್ಚಬಹುದಿತ್ತು. ಆದರೆ ಕೈಗೆ ಹತ್ತಿದ ರೂಢಿ ಬಿಡಬೇಕಲ್ಲ. ಭಾಗವನ್ನು ಮೊದಲಿನಿಂದ ಓದಿದಳು. ಅಣ್ಣ ತಮ್ಮಂದಿರ ಎರಡು ಕುಲಗಳ ಕಥೆ. ಒಂದು ಕುಲಕ್ಕೆ ಕೇಡು ಬಂದ ದಿನ ಇನ್ನೊಂದು ನಿಂತು ನೋಡಿ ಹಿಗ್ಗಿತು. ನಿನ್ನವರ ಕೆಟ್ಟ ದಿನವನ್ನು ಕಂಡು ನೀನು ಹಿಗ್ಗಬಾರದಿತ್ತು ಎನ್ನುತ್ತಾನೆ ಓಬದ್ಯ. ಹಾಗೆ ಹಿಗ್ಗಿದವರಿಗೇ ಆ ಗೆರೆ ಎಳೆದ ಮಾತು.

ಎಸರು ಕುದಿಯಿತು. ಮೊದಲನೆಯ ರೊಟ್ಟಿ ಆಯಿತು, ಎರಡನೆಯದು ಆಯಿತು. ಮೂರನೆಯದಕ್ಕೆ ‘ನಾ ಏನ್ ಮಾಡ್ಲಿ’ ಎಂದು ಎದ್ದ ಪ್ರಶ್ನೆ ಎಷ್ಟು ತಿರುಗಿಸಿದರೂ ಎಸ್ತೇರಕ್ಕನ ಕಡೆ ತಿರುಗಲಿಲ್ಲ. ಕೃಪಾಳ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಸೀದು ಮನೆಯೆಲ್ಲ ಹೊಗೆಯಾಯಿತು. ಬೇಡ ಕೃಪಾ, ಗೆದ್ದದ್ದನ್ನು ಕಳೆದುಕೊಳ್ಳಬೇಡ ಎಂದು ನಾನು ಮನಸ್ಸಿನಲ್ಲೇ ಕೂಗಿದೆ. ಅವಳು ಗ್ಯಾಸ್ ಆರಿಸಿ, ಹಿಟ್ಟಿನ ಕೈಯಲ್ಲೇ ನನ್ನನ್ನು ಎತ್ತಿಕೊಂಡು ಓಣಿಗೆ ಇಳಿದಳು.

ಎಸ್ತೇರಕ್ಕ ಬಾಗಿಲಲ್ಲೇ ನಿಂತು ಕೇಳಿದಳು: “ಮತ್ಯಾಕ ಬಂದಿ? ಇನ್ನೊಂದು ವಚನ ಉಳದೈತೇನು?”

“ಉಳದೈತ್ರಿ ಅಕ್ಕಾರ. ಮ್ಯಾಲಿನ ಸಾಲು ಬಿಟ್ಟು ನಿಮ್ಮ ಕಡೆ ಓದಸಾಕ ಹೋಗಿದ್ನಿ. ಅದು ನನಗ ಹೇಳಿದ್ದು. ನಿನ್ನೆ ನಿಮ್ಮನ್ನ ನೋಡಿ ನಾ ಹಿಗ್ಗಿದ್ನಿ. ತಪ್ಪಾತು. ಮುಂದಿನ ಕೂಟದಾಗ ಎಲ್ಲಾರ ಮುಂದೂ ಹೇಳ್ತೀನಿ.”

ಎಸ್ತೇರಕ್ಕ ಅವಳ ಹಿಟ್ಟಿನ ಕೈಯನ್ನು ನೋಡಿದಳು. ಆಮೇಲೆ ಅಂದಳು: “ನಿಮ್ಮಪ್ಪನ್ನ ಅಂದಿದ್ದು ನಾನು. ಮೊದಲ ನಾ ಹೇಳಬೇಕಾಗ್ತದ.” ಹೊಸ್ತಿಲ ಮೇಲೆ ಕುಳಿತು ಕೈ ಚಾಚಿದಳು. “ಎಲ್ಲೈತಿ ಆ ಓಬದ್ಯ? ತೋರ್ಸು.”

ಕೃಪಾ ತೋರಿಸಲಿಲ್ಲ. ಆಮೋಸ ಎಲ್ಲಿ ಮುಗಿಯುತ್ತಾನೆ ನೋಡ್ರಿ ಎಂದಷ್ಟೇ ಹೇಳಿದಳು. ನಾನು ಓಬದ್ಯನ ಹಾಳೆಯನ್ನು ಮತ್ತೆ ಪಕ್ಕದ್ದಕ್ಕೆ ಅಂಟಿಸಿ ಹಿಡಿದೆ. ಎಸ್ತೇರಕ್ಕ ಬೆರಳನ್ನು ನಾಲಿಗೆಗೆ ಮುಟ್ಟಿಸಿ, ಅಂಟಿದ ಎರಡು ಹಾಳೆಗಳ ಅಂಚನ್ನು ಮೆಲ್ಲಗೆ, ಹರಿಯದ ಹಾಗೆ ಬಿಡಿಸಿದಳು. ಆಮೇಲೆ ಒಂದೊಂದೇ ಅಕ್ಷರ ಹಿಡಿದು, ಗಟ್ಟಿಯಾಗಿ, ಮೊದಲಿನಿಂದ ಓದಿದಳು.

ಅಂದಿನಿಂದ ಎಸರು ಕಾಯುವ ಹೊತ್ತಿಗೆ ಅವಳು ಕೃಪಾಳ ಮನೆಗೆ ಬರುತ್ತಿದ್ದಳು, ಸಾಯುವ ತನಕ. ಇಬ್ಬರೂ ಜಗಳಾಡುತ್ತಲೇ ಓದಿದರು. ಈಗ ಕೃಪಾಳ ಕಣ್ಣಿಗೆ ದೊಡ್ಡ ಅಕ್ಷರದ ಹೊಸ ಸತ್ಯವೇದ ಬಂದಿದೆ. ನನ್ನ ಬೆನ್ನು ಹರಿದಿದೆ, ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಕಪಾಟಿನ ಮೇಲಿಟ್ಟಿದ್ದಾರೆ. ಕೆಳಗೆ ಈಗಲೂ ರೊಟ್ಟಿ ಬಡಿಯುವ ಸದ್ದು ಕೇಳುತ್ತದೆ.

ಸೇಡು ತೀರಿಸಿಕೊಳ್ಳಲು ನನಗೀಗ ಯಾರೂ ಉಳಿದಿಲ್ಲ. ಎಸ್ತೇರಕ್ಕ ಅಷ್ಟು ವರ್ಷ ನನ್ನನ್ನು ತೆರೆಯಲಿಲ್ಲ ಎಂದು ಹಲ್ಲು ಕಡಿದೆ. ಅವಳು ಹೊಸ್ತಿಲ ಮೇಲೆ ಕುಳಿತು ಗಟ್ಟಿಯಾಗಿ ಓದಿದಾಗಲೇ ‘ಹಿಗ್ಗಬಾರದಿತ್ತು’ ಎಂಬ ಆ ಸಾಲು ನನ್ನ ಕಿವಿಗೂ ಬಿದ್ದದ್ದು. ಹುಟ್ಟಿದಂದಿನಿಂದ ಅದು ನನ್ನ ಹೊಟ್ಟೆಯಲ್ಲೇ ಇತ್ತು. ನಾನೂ ಓದಿರಲಿಲ್ಲ.