ಬೂದು ಹೊದಿಕೆಯ ನಾನೂರು ಪುಸ್ತಕ

ನಮ್ಮ ಬೀದಿಯ ಶಾಲೆಯಲ್ಲಿ ಗ್ರಂಥಾಲಯ ಇದೆ. ನಾನೂರು ಪುಸ್ತಕಗಳಿವೆ. ಆದರೆ ಮಕ್ಕಳು ಮಾತ್ರ ಆ ಕಡೆ ತಲೆ ಹಾಕುತ್ತಿರಲಿಲ್ಲ. ಅದನ್ನು ನೋಡಿಕೊಳ್ಳುವವಳು ನನ್ನ ತಂಗಿ. ಮಧ್ಯಾಹ್ನವೆಲ್ಲ ಫ್ಯಾನಿನ ಕೆಳಗೆ ಒಬ್ಬಳೇ ಕೂತು ಬಾಗಿಲು ನೋಡುತ್ತಿದ್ದಳು.

ಒಂದು ಸಂಜೆ ಸಪ್ಪೆ ಮುಖ ಹಾಕಿಕೊಂಡು ನನ್ನ ಹೊಲಿಗೆ ಅಂಗಡಿಗೆ ಬಂದಳು.

"ಅಕ್ಕಾ, ಮುಂದಿನ ತಿಂಗಳು ಮುಗಿಯೋದ್ರೊಳಗೆ ಮಕ್ಕಳು ಬರದಿದ್ರೆ ಆ ಕೋಣೆಗೆ ಹಳೇ ಸಾಮಾನು ತುಂಬ್ತಾರಂತೆ. ನನ್ನನ್ನ ಆಫೀಸ್ ಕೆಲಸಕ್ಕೆ ಹಾಕ್ತಾರಂತೆ. ಹೆಡ್ಮೇಷ್ಟ್ರು ಹೇಳಿದ್ರು."

"ಈಗಿನ ಮಕ್ಕಳು ಎಲ್ಲಿ ಓದ್ತಾವೆ ಬಿಡೇ," ಎಂದೆ.

"ಶಿಕ್ಷಣ ಇಲಾಖೆಗೆ ಅರ್ಜಿ ಬರೆದಿಟ್ಟಿದ್ದೀನಿ. ಶಾಲೆ ಗ್ರಂಥಾಲಯಕ್ಕೆ ಅಂತಾನೇ ಮಾರ್ಗದರ್ಶಕರು ಇದ್ದಾರಂತೆ. ನಾಳೆ ಕಳಿಸ್ತೀನಿ."

ನನಗೆ ನಗು ಬಂತು. "ಕಳಿಸಬೇಡ. ಬರ್ತಾರೆ, ತಪ್ಪು ಹುಡುಕೋಕೆ. ಮೈಮೇಲೆ ಎಳ್ಕೊಳ್ಳೋದು ಅಂದ್ರೆ ಇದೇ."

ನನ್ನ ಬಾಯಿ ಸ್ವಲ್ಪ ಜೋರು. ಅವಳ ಕಣ್ಣು ತುಂಬಿದ್ದು ನೋಡಿ ಪಾಪ ಅನ್ನಿಸಿತು. ಈ ಕೆಲಸ ಸಿಕ್ಕ ದಿನ ಅವಳ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಮಾರನೆಯ ದಿನ ನನಗೆ ಹೇಳದೆ ಅರ್ಜಿ ಕಳಿಸಿಬಿಟ್ಟಳು.

ಎರಡು ವಾರದಲ್ಲಿ ಮಾರ್ಗದರ್ಶಕಿ ಬಂದೇಬಿಟ್ಟರು. ನಾನೂ ಅಂಗಡಿ ಮುಚ್ಚಿ ಹೋಗಿ ತಂಗಿಯ ಬೆನ್ನಿಗೆ ನಿಂತೆ. ಮೆಲು ದನಿಯ ಹೆಂಗಸು. ಬೀರು ತೆಗೆಸಿ ಬಹಳ ಹೊತ್ತು ನೋಡಿದರು. ಒಳಗೆ ಸಾಲು ಸಾಲು ಬೂದು ಬಣ್ಣ. ಪುಸ್ತಕ ಹಾಳಾಗಬಾರದೆಂದು ಉಳಿದ ಲೈನಿಂಗ್ ಬಟ್ಟೆಯಲ್ಲಿ ನಾನೇ ಎಲ್ಲಕ್ಕೂ ಬಿಗಿಯಾಗಿ ಹೊದಿಕೆ ಹೊಲಿದಿದ್ದೆ. ತಂಗಿ ಪ್ರತಿ ಹೊದಿಕೆಗೂ ನಂಬರು ಚೀಟಿ ಅಂಟಿಸಿದ್ದಳು. ಈಗ ಹೊಗಳುತ್ತಾರೆ ಎಂದು ಕಾದೆ.

"ಇದನ್ನ ಹೊಲಿದೋರು ಯಾರು?"

"ನಾನೇ ಮೇಡಂ."

"ಕೈಕೆಲಸ ತುಂಬಾ ಚೆನ್ನಾಗಿದೆ ಅಕ್ಕಾ. ಆದ್ರೆ ಮಗು ಏನು ನೋಡಿ ಪುಸ್ತಕ ಆರಿಸ್ಕೋಬೇಕು? ನೂರಾ ಎಂಬತ್ತೇಳು ಕೊಡಿ ಅಂತ ಯಾವ ಮಗು ಕೇಳುತ್ತೆ ಹೇಳಿ?"

ನನ್ನ ಮುಖ ಕೆಂಪಾಯಿತು. "ಮಕ್ಕಳು ಹರಿದು ಹಾಕಿದ್ರೆ ನನ್ನ ತಂಗಿ ತಲೆ ಮೇಲೆ ಬರುತ್ತಲ್ಲ ಮೇಡಂ?"

"ಓದಿದ ಪುಸ್ತಕ ಸವೆಯುತ್ತೆ. ಹಾಗೆ ಹಳೆಯದಾದದ್ದನ್ನ ಪಟ್ಟಿಯಿಂದ ತೆಗೆಯೋಕೂ ಒಂದು ಕ್ರಮ ಇದೆ. ಅದನ್ನೆಲ್ಲ ಇವರಿಗೆ ಯಾರೂ ಹೇಳಿಕೊಟ್ಟಿಲ್ಲ. ತಪ್ಪು ಇವರದಲ್ಲ, ನಾವೇ ಮೊದಲು ಬರ್ಬೇಕಿತ್ತು."

ಸರ್ಕಾರದವರು ಹೀಗೂ ಮಾತಾಡುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ. ಅವರು ತಂಗಿಗೆ ಒಂದು ಕೈಪಿಡಿ ಕೊಟ್ಟು ತರಬೇತಿಗೆ ಹೆಸರು ಬರೆದುಕೊಂಡರು. ಹೊಸ ಪುಸ್ತಕಕ್ಕೆ ಹೇಗೆ ಕೇಳಿಕೊಳ್ಳಬೇಕೆಂದು ಹೆಡ್ಮೇಷ್ಟ್ರಿಗೆ ತೋರಿಸಿದರು. ಪ್ರತಿ ತರಗತಿಗೂ ವಾರಕ್ಕೊಂದು ಓದುವ ಪೀರಿಯಡ್ ಇಡಿ, ಪುಸ್ತಕ ಮನೆಗೂ ಕೊಡಿ ಎಂದರು. ಹೆಡ್ಮೇಷ್ಟ್ರು "ನೋಡೋಣ" ಎಂದರು, ಅಷ್ಟೇ.

ತಂಗಿ ತರಬೇತಿಗೆ ಹೋದಳು. ಹೊದಿಕೆ ಬಿಚ್ಚುವ ಕೆಲಸ ನನ್ನ ಪಾಲಿಗೆ ಬಂತು. ಬ್ಲೇಡು ಹಿಡಿದು ಆ ಕೋಣೆಯಲ್ಲಿ ಕೂತೆ. ಎರಡು ದಿನದ ಕೆಲಸ ಎಂದುಕೊಂಡಿದ್ದೆ, ವಾರ ಹಿಡಿಯಿತು. ಮೊದಲ ಹೊಲಿಗೆ ಬಿಚ್ಚಿದಾಗ ಒಂದು ದೋಣಿ ಹೊರಗೆ ಬಂತು. ಆಮೇಲೆ ನಿದ್ದೆ ಮಾಡುವ ಕರಡಿ. ಆಮೇಲೆ ಏಣಿ ಹತ್ತಿ ಚಂದ್ರನನ್ನು ಒರೆಸುತ್ತಿರುವ ಅಜ್ಜಿ. ಈ ಅಜ್ಜಿಗೆ ಅಲ್ಲೇನು ಕೆಲಸ ಎಂದು ಪುಟ ತಿರುಗಿಸಿದೆ. ಪರದೆ ದಾಟಿ ಬಿಸಿಲು ಮೆತ್ತಗೆ ಬೀಳುತ್ತಿತ್ತು. ಶಾಲೆಯ ಗಲಾಟೆ ಎಲ್ಲೋ ದೂರ ಹೋಯಿತು. ದೋಣಿಯಲ್ಲಿ ನಾನೂ ಕೂತಿದ್ದೆ, ಕರಡಿ ಪಕ್ಕದಲ್ಲಿ ಮಲಗಿತ್ತು, ಅಜ್ಜಿ ಮೇಲಿನಿಂದ ಬಕೆಟು ಇಳಿಬಿಡುತ್ತಿದ್ದಳು. ಎಷ್ಟು ಹೊತ್ತು ಹಾಗೇ ಇದ್ದೆನೋ. ಕಣ್ಣೆತ್ತಿದರೆ ಊಟದ ಬಿಡುವು, ಸುತ್ತ ಏಳೆಂಟು ಮಕ್ಕಳು ನೆಲದ ಮೇಲೆ ಬೋರಲು ಮಲಗಿ ಓದುತ್ತಿದ್ದರು. ಯಾವಾಗ ಬಂದರೋ ದೇವರೇ ಬಲ್ಲ.

ಪುಟ್ಟ ಹುಡುಗಿಯೊಬ್ಬಳು ನನ್ನ ತೋಳು ಜಗ್ಗಿದಳು. "ಆಂಟಿ, ಇದರೊಳಗೇನಿದೆ?"

"ಬಿಚ್ಚಿದ ಮೇಲೇ ಗೊತ್ತಾಗೋದು ಕಂದಾ. ಕೂತ್ಕೋ."

ಮಾರನೆಯ ದಿನ ಅವಳು ಇನ್ನೂ ನಾಲ್ವರನ್ನು ಕರೆತಂದಳು.

ಗಡುವು ಕೊಟ್ಟಿದ್ದ ತಿಂಗಳ ಕೊನೆಯ ದಿನ ಹೆಡ್ಮೇಷ್ಟ್ರು ಬಾಗಿಲಿಗೆ ಬಂದರು. ಒಳಗೆ ಕಾಲಿಡಲು ಜಾಗವಿರಲಿಲ್ಲ. ತರಬೇತಿ ಮುಗಿಸಿ ಬಂದಿದ್ದ ತಂಗಿ ಗಟ್ಟಿಯಾಗಿ ಕಥೆ ಓದುತ್ತಿದ್ದಳು. ಅವರು ಕೆಮ್ಮಿದರು. ಒಂದು ಮಗುವೂ ತಿರುಗಿ ನೋಡಲಿಲ್ಲ. ಹಿಂದೆ ಕೂತವಳೊಬ್ಬಳು ತಿರುಗದೆಯೇ "ಶ್" ಎಂದಳು. ಹೆಡ್ಮೇಷ್ಟ್ರು ಗೋಡೆಗೊರಗಿ ನಿಂತವರು ಕಥೆ ಮುಗಿಯುವ ತನಕ ಅಲುಗಲಿಲ್ಲ.

"ಈ ಕೋಣೆ ನಿಮ್ಮದೇ ಬಿಡಮ್ಮ," ಎಂದರು ತಂಗಿಗೆ. "ಹಳೇ ಸಾಮಾನು ನನ್ನ ರೂಮಲ್ಲೇ ಬಿದ್ದಿರ್ಲಿ."

ತಂಗಿ ನನ್ನ ಕೈ ಹಿಡಿದುಕೊಂಡು ಅತ್ತಳು. ನಾನೂ ಅತ್ತೆ, ಸುಳ್ಳೇಕೆ ಹೇಳಲಿ.

ಅಕ್ಕಂದಿರೇ, ಅಣ್ಣಂದಿರೇ, ನಾಳೆ ಮಕ್ಕಳನ್ನು ಶಾಲೆಗೆ ಬಿಡಲು ಹೋದಾಗ ಗೇಟಿನಿಂದಲೇ ವಾಪಸು ಬರಬೇಡಿ. ಒಳಗೆ ಹೋಗಿ ಗ್ರಂಥಾಲಯ ಎಲ್ಲಿದೆ ಎಂದು ಕೇಳಿ. ಬೀಗ ಹಾಕಿದ್ದರೆ ಯಾಕೆಂದು ಕೇಳಿ. ಅಲ್ಲಿ ಕೆಲಸ ಮಾಡುವವರನ್ನು ಬೈಯಬೇಡಿ, ಅವರಿಗೆ ತರಬೇತಿ ಸಿಕ್ಕಿದೆಯೇ ಎಂದು ವಿಚಾರಿಸಿ. ಸಿಕ್ಕಿಲ್ಲವೆಂದರೆ ಹೆಡ್ಮೇಷ್ಟ್ರ ಜೊತೆ ಕೂತು ಶಿಕ್ಷಣ ಇಲಾಖೆಗೆ ಅರ್ಜಿ ಬರೆಯಿರಿ. ಅದರಲ್ಲಿ ನಿಮ್ಮ ಸಹಿಯೂ ಇರಲಿ. ಯಾವ ನೆರವು ಸಿಗುತ್ತದೆ ಎಂದು ಕೇಳುವುದಕ್ಕೆ ಅಂಜಬೇಡಿ. ಕೇಳಬೇಡ ಎಂದವಳು ನಾನು. ನನ್ನ ಮಾತನ್ನು ತಂಗಿ ಕೇಳಿದ್ದರೆ ಇವತ್ತು ಆ ಕೋಣೆಯಲ್ಲಿ ಮಕ್ಕಳು ಇರುತ್ತಿರಲಿಲ್ಲ.